ಗಾಜಿನ ಕಡಲಿನ ಸದ್ದು

ಅಲೆಗಳ ಮೇಲೆ ಮಲಗಿದ್ದೂ ಅಲುಗದೆ, ಕಣ್ಣು ಮುಚ್ಚಿದ್ದೂ ಎಲ್ಲವನ್ನೂ ಕಾಣುವ ಶ್ರೀಹರಿಗೆ ಮೊದಲ ನಮಸ್ಕಾರ. ಮುಂಜಾವಿನ ಚಳಿಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಅಕ್ಷರವನ್ನೂ ಅದರ ಉಚ್ಚಾರವನ್ನೂ ತಿದ್ದಿದ ತಂದೆಯವರಿಗೆ ಮತ್ತು ಪಾಠಶಾಲೆಯ ಗುರುಗಳಿಗೆ ನಮಸ್ಕಾರ. ಪರಸ್ಥಳದಲ್ಲಿ ನಮ್ಮವನೆಂದು ಕರೆದು ಎಲೆ ಹಾಕಿದ ಮನೆಗೆ ನಮಸ್ಕಾರ. ಕಡೆಯದಾಗಿ, ಒಂದೂ ಮಾತಾಡದೆ ನನಗೆ ಕೇಳಿಸಿಕೊಳ್ಳುವುದನ್ನು ಕಲಿಸಿದ ಒಬ್ಬ ಹಿರಿಯರಿಗೆ ನಮಸ್ಕಾರ. ಈ ಬರಹ ಅವರದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಬ್ಯಾಂಕಿನ ವರ್ಗಾವಣೆಯಿಂದಾಗಿ ಬಾಗಲಕೋಟೆಯ ಕಡೆಯವನಾದ ನಾನು ಔರಂಗಾಬಾದಿಗೆ ಬಂದಿದ್ದೆ. ಇಂದು ಆ ನಗರಕ್ಕೆ ಛತ್ರಪತಿ ಸಂಭಾಜಿನಗರವೆಂದು ಹೆಸರು. ಚಿಕಲಠಾಣಾದ ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯಲ್ಲಿ ಉಡುಪಿ ಸೀಮೆಯ ಅಣ್ಣತಮ್ಮಂದಿರಿಬ್ಬರು ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲೊಂದಿತ್ತು. ಕೆಳಗೆ ಹೋಟೆಲು, ಮೇಲೆ ಮನೆ. ಹೋಟೆಲನ್ನು ಕಟ್ಟಿ ನಿಲ್ಲಿಸಿದವರು ಅಣ್ಣ. ನಾವೆಲ್ಲ ಅವರನ್ನು ಯಜಮಾನರೆಂದೇ ಕರೆಯುತ್ತಿದ್ದೆವು.

ಯಜಮಾನರಿಗೆ ಒಂದೇ ಒಂದು ಹುಚ್ಚು ಇತ್ತು. ಮನೆಯ ಮುಂದಿನ ಕೋಣೆಯಲ್ಲಿ, ಗೋಡೆಯ ಉದ್ದಕ್ಕೂ, ಅವರೊಂದು ದೊಡ್ಡ ಗಾಜಿನ ತೊಟ್ಟಿಯನ್ನಿಟ್ಟಿದ್ದರು. ಅಂಗಡಿಗಳಲ್ಲಿ ಕಾಣುವ ಸಿಹಿನೀರಿನ ಮೀನಿನ ತೊಟ್ಟಿಯಲ್ಲ ಅದು, ಉಪ್ಪುನೀರಿನದು. ಹೋಟೆಲಿನ ಸಾಮಾನು ತರಲು ಮುಂಬೈಗೆ ಹೋಗುವ ಟೆಂಪೊದಲ್ಲಿ ತಾವೇ ಕುಳಿತು ಹೋಗಿ, ಕ್ಯಾನುಗಳಲ್ಲಿ ಕಡಲ ನೀರು ತುಂಬಿಸಿ ತರುತ್ತಿದ್ದರು. ಸಾಕುವ ಮೀನುಗಳನ್ನು ಮಾರುವ ಅಲ್ಲಿಯ ಒಬ್ಬ ಮೀನಂಗಡಿಯವನಿಂದ, ಜೀವ ಅಂಟಿಕೊಂಡಿರುವ ಹವಳದ ಕಲ್ಲುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಿದ್ದರು. ಕಲ್ಲುಗಳ ಮೇಲೆ ನೇರಳೆ ಬಣ್ಣದ ಪೊರೆ, ಸಣ್ಣ ಶಂಖದ ಹುಳುಗಳು, ಬೆರಳುಗಳಂತೆ ತೇಲಾಡುವ ಎಸಳುಗಳ ಒಂದು ಜೀವಿ. ಅದನ್ನು ಅವರು ಕಡಲ ಹೂವು ಎನ್ನುತ್ತಿದ್ದರು. ಆ ಹೂವಿನೊಳಗೆ, ಕಿತ್ತಳೆ ಮೈಗೆ ಬಿಳಿ ಪಟ್ಟೆ ಕಟ್ಟಿಕೊಂಡ ಮೀನಿನ ಜೋಡಿಯೊಂದು ವಾಸವಾಗಿತ್ತು.

"ಇದೆಲ್ಲಾ ಯಾಕ್ರಿ ಯಜಮಾನ್ರ?" ಎಂದು ಒಮ್ಮೆ ಕೇಳಿದ್ದೆ.

"ನೋಡಿ ರಾಯರೇ, ನಮ್ಮೂರಲ್ಲಿ ಕಿಟಕಿ ತೆಗೆದ್ರೆ ಕಡಲು. ಇಲ್ಲಿ ಕಿಟಕಿ ತೆಗೆದ್ರೆ ಧೂಳು. ಅದಕ್ಕೆ ಕಿಟಕಿ ಮುಚ್ಚಿ ಕಡಲನ್ನೇ ಒಳಗೆ ತಂದೆ," ಎಂದು ನಕ್ಕಿದ್ದರು.

ಆ ನಗೆಯನ್ನು ನಾನು ಹೆಚ್ಚು ಕಾಲ ಕೇಳಲಿಲ್ಲ. ಒಂದು ಬೆಳಿಗ್ಗೆ ಗಲ್ಲಾದ ಮುಂದೆ ಕುಳಿತಿದ್ದವರು ಹಾಗೆಯೇ ಬಲಕ್ಕೆ ವಾಲಿದರು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿಯಾಗಿ ಹೋಯಿತು. ಗಂಟಲಿನಿಂದ ಹೊರಡುತ್ತಿದ್ದುದು "ಹಾ" ಎಂಬ ಒಂದು ಸ್ವರ ಮಾತ್ರ. ಬುದ್ಧಿ ಎಷ್ಟು ಉಳಿದಿದೆಯೆಂದು ವೈದ್ಯರೂ ಖಚಿತವಾಗಿ ಹೇಳಲಿಲ್ಲ. ಅವರ ಮಂಚವನ್ನು ಆ ತೊಟ್ಟಿಯ ಎದುರಿಗೇ ಹಾಕಿದರು. ಅಲ್ಲಿ ಒಂದು ಸೋಜಿಗ ಕಂಡಿತು. ಮೀನಿನ ಜೋಡಿ ಎಡಕ್ಕೆ ಸರಿದರೆ ಮಂಚದ ಪಟ್ಟಿಯ ಮೇಲಿದ್ದ ಅವರ ಎಡಗೈಯ ತೋರುಬೆರಳು ಎಡಕ್ಕೆ ಸರಿಯುತ್ತಿತ್ತು. ಬಲಕ್ಕೆ ಬಂದರೆ ಬಲಕ್ಕೆ. ಬೇರೆ ಯಾರು ಕರೆದರೂ, ಏನು ತೋರಿಸಿದರೂ ಆ ಬೆರಳು ಏಳುತ್ತಿರಲಿಲ್ಲ. ವೈದ್ಯರು ಇದನ್ನು ನೋಡಿ, "ಈ ಮೀನುಗಳನ್ನು ಚೆನ್ನಾಗಿ ನೋಡಿಕೊಳ್ಳಿ, ನನ್ನ ಔಷಧಕ್ಕಿಂತ ಇವೇ ಹೆಚ್ಚು ಕೆಲಸ ಮಾಡುತ್ತಿವೆ," ಎಂದರು. ಅಂದಿನಿಂದ ಆ ಮೀನುಗಳ ಪ್ರಾಣ ಬೇರೆಯಲ್ಲ, ಯಜಮಾನರ ಪ್ರಾಣ ಬೇರೆಯಲ್ಲ ಎಂಬಂತೆ ಮನೆ ನಡೆಯತೊಡಗಿತು.

ಯಜಮಾನರ ಹೆಂಡತಿ ನನ್ನನ್ನು ಕರೆಸಿದರು. ಆ ತಾಯಿ ಹೆಚ್ಚು ಮಾತಿನವರಲ್ಲ.

"ರಾಯರೇ, ಇಲ್ಲಿ ಎಲ್ಲರೂ ಮರಾಠಿ, ಹಿಂದಿ. ಇವರ ಕಿವಿಗೆ ಸ್ವಲ್ಪ ಕನ್ನಡ ಬೀಳ್ಲಿ. ಸಂಜೆ ಬಂದು ಪುರಾಣ ಓದ್ತೀರಾ?"

"ಇದಕ್ಕ ಕೇಳೂದೇನ್ರಿ ತಾಯಿ, ಅದು ನನ್ನ ಭಾಗ್ಯರಿ," ಎಂದೆ.

ಹೀಗೆ ದಿನವೂ ದೀಪ ಹಚ್ಚುವ ಹೊತ್ತಿಗೆ ನಾನು ಕೈಕಾಲು ತೊಳೆದು, ವ್ಯಾಸಪೀಠದ ಮೇಲೆ ಗ್ರಂಥವನ್ನಿಟ್ಟು, ಮಂಚಕ್ಕೂ ತೊಟ್ಟಿಗೂ ನಡುವೆ ಕುಳಿತು ಓದತೊಡಗಿದೆ. ಆ ತಾಯಿ ಚಾಪೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು. ತಮ್ಮನು ಕೆಳಗಿನ ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗ ಮೇಲೆ ಬಂದು, ಬಾಗಿಲಲ್ಲೇ ನಿಂತು, ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ ನಾಲ್ಕು ಸಾಲು ಕೇಳಿ ಹೋಗುತ್ತಿದ್ದ.

ಕೆಲವು ಸಂಜೆಗಳು ಕಳೆದ ಮೇಲೆ ಆ ಸದ್ದು ಮೊದಲ ಸಲ ಕೇಳಿಸಿತು.

ನಾನು ಭಗವಂತನ ಕರುಣೆಯ ಒಂದು ಪ್ರಸಂಗವನ್ನು ಮುಗಿಸಿ, "ನಂಬಿದವರನ್ನು ಅವನು ಎಂದೂ ಕೈಬಿಡುವುದಿಲ್ಲ," ಎಂದು ಅರ್ಥ ಹೇಳಿದ್ದೆ. ತೊಟ್ಟಿಯ ಕಡೆಯ ಗೋಡೆಯಿಂದ ಸ್ಪಷ್ಟವಾಗಿ 'ಟಕ್' ಎಂದಿತು. ತಾಯಿ ತಟ್ಟನೆ ಬತ್ತಿಯನ್ನು ಬಿಟ್ಟು, ಬೆರಳಿನಿಂದ ನೆಲವನ್ನು ತಟ್ಟಿ, "ಕೃಷ್ಣ ಕೃಷ್ಣ," ಎಂದರು. ನಾನೂ ವ್ಯಾಸಪೀಠದ ಪಕ್ಕದ ನೆಲವನ್ನು ತಟ್ಟಿದೆ. ಆಡಿದ ಮಾತಿನ ಬೆನ್ನಿಗೇ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವೆಂದು ನಮ್ಮ ಹಿರಿಯರು ನಂಬಿದವರು. ನಾವೂ ಹಾಗೆಯೇ ಬೆಳೆದವರು. ಆ ಗೋಡೆಯ ಮೇಲೆ, ಟ್ಯೂಬ್‌ಲೈಟಿನ ಹಿಂದೆ, ಒಂದು ಹಲ್ಲಿ ಇದ್ದೇ ಇತ್ತು. ಸಂಶಯಕ್ಕೆ ಎಡೆಯಿರಲಿಲ್ಲ.

"ಹಲ್ಲಿ ಹೂಂ ಅಂತು ನೋಡ್ರಿ ತಾಯಿ," ಎಂದೆ.

"ಇವರೂ ಹೂಂ ಅಂದ್ರು ರಾಯರೇ, ನೋಡಿ ಇಲ್ಲಿ!"

ತಿರುಗಿ ನೋಡಿದೆ. ಯಜಮಾನರ ಮುಖ ಕೆಂಪಾಗಿತ್ತು. ಎಡಗೈ ಮಂಚದಿಂದ ಮೇಲೆದ್ದು ತೊಟ್ಟಿಯ ಕಡೆಗೆ ಚಾಚಿತ್ತು. "ಹಾ, ಹಾ," ಎನ್ನುತ್ತಿದ್ದರು. ಕಣ್ಣಿನಲ್ಲಿ ನೀರು. ಇಷ್ಟು ದಿನ ಮೀನಿನ ಹೊರತು ಯಾವುದಕ್ಕೂ ಏಳದ ಕೈ ಪುರಾಣಕ್ಕೆ ಎದ್ದಿತ್ತು! ತೊಟ್ಟಿಯ ಮೇಲ್ಗಡೆಯ ಗೋಡೆಯಲ್ಲಿ ಕೃಷ್ಣನ ಪಟವಿತ್ತು. ಅವರು ಪಟಕ್ಕೆ ಕೈ ಚಾಚುತ್ತಿದ್ದಾರೆಂದು ನಾವು ತಿಳಿದೆವು. ತಾಯಿ ಎದ್ದು ಆ ಕೈಯನ್ನು ಹಿಡಿದು, ಪಟಕ್ಕೆ ಕೈಮುಗಿಸಿದಂತೆ ಮಾಡಿ, ಮತ್ತೆ ಮಂಚದ ಮೇಲಿಟ್ಟರು. ಅವರು ಇನ್ನೂ "ಹಾ" ಎನ್ನುತ್ತಲೇ ಇದ್ದರು.

ಆಮೇಲೆ ಅದು ಹೆಚ್ಚುಕಡಿಮೆ ನಿತ್ಯದ ಮಾತಾಯಿತು. ಓದುತ್ತಿರುವಾಗ ಸದ್ದು, ನಮ್ಮ ಕೃಷ್ಣಸ್ಮರಣೆ, ಅವರ ಕಣ್ಣೀರು. ಸುದ್ದಿ ಊರಿನ ನಾಲ್ಕಾರು ಕನ್ನಡದ ಮನೆಗಳಿಗೂ ಹಬ್ಬಿ, ಒಬ್ಬಿಬ್ಬರು ಬಂದು ಕುಳಿತು ಕೇಳಿ, "ಎಂಥಾ ಪುಣ್ಯಾತ್ಮರ್ರಿ ಇವರು," ಎಂದು ಯಜಮಾನರ ಕಾಲು ಮುಟ್ಟಿ ಹೋದರು. ಅವರ ಕಾಲು ಮುಟ್ಟುವಾಗ ಯಜಮಾನರು ಕಣ್ಣು ಮುಚ್ಚಿಬಿಡುತ್ತಿದ್ದರು. ವಿನಯವೆಂದುಕೊಂಡೆವು.

ಅದೇ ದಿನಗಳಲ್ಲಿ ತೊಟ್ಟಿಯ ಶಂಖದ ಹುಳುಗಳು ಕಡಿಮೆಯಾಗತೊಡಗಿದವು. ಮರಳಿನ ಮೇಲೆ ಚಿಪ್ಪಿನ ಚೂರುಗಳು ಬಿದ್ದಿರುತ್ತಿದ್ದವು. ನೀರಿನ ಉಪ್ಪು ಹೆಚ್ಚಾಗಿ ಚಿಪ್ಪು ಒಡೆಯುತ್ತಿದೆಯೆಂದು ತಮ್ಮನು ಸಿಹಿನೀರು ಸುರಿದ. ಒಂದು ಬೆಳಿಗ್ಗೆ ಮೀನಿನ ಜೋಡಿಯಲ್ಲಿ ದೊಡ್ಡದು ಕಾಣಲಿಲ್ಲ. ಹಾರಿ ಹೊರಗೆ ಬಿದ್ದಿರಬಹುದೆಂದು ಮಂಚದ ಕೆಳಗೆ, ಬೀರುವಿನ ಹಿಂದೆ, ಎಲ್ಲ ಕಡೆ ಹುಡುಕಿದರು. ಪಕ್ಕದ ಮನೆಯ ಬೆಕ್ಕಿನ ಮೇಲೆ ತಪ್ಪು ಹೊರಿಸಿದರು. ಉಳಿದ ಸಣ್ಣ ಮೀನು ಹೂವಿನೊಳಗೆ ಹುದುಗಿ ಹೊರಗೇ ಬರಲಿಲ್ಲ. ಅಂದು ನಾನು ಹೋದಾಗ ಯಜಮಾನರ ತೋರುಬೆರಳು ಮಂಚದ ಪಟ್ಟಿಯ ಮೇಲೆ ಒಂದೇ ಕಡೆ ನಿಂತಿತ್ತು. ಊಟವನ್ನೂ ಒಲ್ಲೆನೆಂದು ತುಟಿ ಬಿಗಿದಿದ್ದರಂತೆ.

"ಇರುದು ಇದೊಂದೇ ರಾಯರೇ. ಇದೂ ಹೋದ್ರೆ ಇವರು..." ಎಂದರು ತಾಯಿ.

ಸಮಾಧಾನಕ್ಕೆಂದು ಅಂದು ಹೆಚ್ಚು ಹೊತ್ತು ಓದಿದೆ. ನನ್ನ ಬಳಿ ಇದ್ದುದು ಅದೊಂದೇ.

ಮರುದಿನ ಸಂಜೆ ಓದು ನಡೆದಿರುವಾಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು, ತೊಟ್ಟಿಗೆ ಗಾಳಿಯೂದುವ ಯಂತ್ರದ ಗೊರಗೊರ ನಿಂತಿತು. ಕೋಣೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಹಿಂದೆ ಕೇಳಿರಲಿಲ್ಲ. ಸಾಲುಗಳು ಬಾಯಿಪಾಠವಿದ್ದುದರಿಂದ ನಾನು ನಿಲ್ಲಿಸದೆ ಹೇಳುತ್ತಾ ಹೋದೆ. ತಾಯಿ ದೇವರ ದೀಪವನ್ನೇ ತಂದು ನನ್ನ ಮುಂದಿಟ್ಟರು. ಬೆಳಕಿಗೆ ಬರುವ ಹುಳಗಳ ಆಸೆಗೆ ಹಲ್ಲಿ ಗೋಡೆಯಿಳಿದು, ದೀಪದ ಹತ್ತಿರ, ನನ್ನಿಂದ ಗೇಣು ದೂರದಲ್ಲಿ ಬಂದು ಕುಳಿತಿತು. ಆಗ ಸದ್ದಾಯಿತು. 'ಟಕ್.' ಮತ್ತೊಮ್ಮೆ, 'ಟಕ್.'

ಹಲ್ಲಿಯ ಬಾಯಿ ಮುಚ್ಚಿತ್ತು. ಸದ್ದು ಬಂದುದು ನನ್ನ ಬೆನ್ನಿನ ಹಿಂದಿನ ನೀರಿನೊಳಗಿನಿಂದ.

ತಾಯಿಯ ಬೆರಳು ನೆಲಕ್ಕೆ ತಾಗುವ ಮೊದಲೇ ನಿಂತುಬಿಟ್ಟಿತು. ಅವರು ಹಲ್ಲಿಯನ್ನು ನೋಡಿದರು, ನನ್ನನ್ನು ನೋಡಿದರು. ದೀಪವನ್ನೆತ್ತಿ ಗಾಜಿಗೆ ಹಿಡಿದರು. ಕಡಲ ಹೂವು ಕುಳಿತಿದ್ದ ಕಲ್ಲಿನ ಬುಡದಲ್ಲಿ ಒಂದು ಬಿಲವಿತ್ತು. ಅದರ ಬಾಯಿಂದ, ಆಗ ತಾನೇ ಒಡೆದ ಶಂಖದ ಚೂರೊಂದು ಮರಳಿನ ಮೇಲೆ ಉರುಳಿತು. ಒಳಗಿನಿಂದ, ಕಡ್ಡಿಗಳ ತುದಿಗಿಟ್ಟ ಮಣಿಗಳಂತಹ ಎರಡು ಕಣ್ಣುಗಳು ನಮ್ಮನ್ನು ನೋಡಿ ಹಿಂದಕ್ಕೆ ಸರಿದವು.

"ಹಾ," ಎಂದರು ಯಜಮಾನರು, ಮಂಚದಿಂದ.

ತಾಯಿ ಮೆಲ್ಲನೆ ತಿರುಗಿದರು. "ಹ್ವಾಯ್... ನಿಮಗೆ ಗೊತ್ತಿತ್ತಾ? ಮೊದಲಿಂದ ಗೊತ್ತಿತ್ತಾ?"

ಅವರು ಕಣ್ಣು ಮುಚ್ಚಿದರು. ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಹೌದೋ, ಅಲ್ಲವೋ? ಆ ಕಣ್ಣೀರಿಗೆ ನಾವು ಹಿಂದೆ ಹೇಳಿದ ಅರ್ಥವೆಲ್ಲ ಈಗ ನೆನಪಾಯಿತು. ಆ ತಾಯಿ ಮಂಚದ ಪಕ್ಕ ಕುಳಿತು, ಗಂಡನ ತೋರುಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಮಂಚದ ಪಟ್ಟಿಯ ಮೇಲೆ ತಟ್ಟಿ ತೋರಿಸಿದರು. "ನಾವು ಹಲ್ಲಿಗೆ ತಟ್ಟುದಿಲ್ವಾ, ಹಾಗೆ. ಹೌದಾದ್ರೆ ಹೀಗೆ ತಟ್ಟಿ. ಅಲ್ಲಾದ್ರೆ ಸುಮ್ಮನಿರಿ. ಗೊತ್ತಿತ್ತಾ ನಿಮಗೆ?"

ಬೆರಳು ಎದ್ದಿತು. ಮರದ ಮೇಲೆ ಮೆತ್ತಗೆ ಬಿದ್ದಿತು.

ನಾನು ಗ್ರಂಥವನ್ನು ಮುಚ್ಚಿದೆ. ಕೇಳುವವರಿದ್ದಾರೆಂದು ಇಷ್ಟು ದಿನ ಓದಿದ್ದೆ, ಹೇಳುವವರು ಅವರಾಗಿದ್ದರು.

ಮನೆಯ ಫೋನಿನಿಂದ ಪರಊರಿಗೆ ಮಾತಾಡುವಂತಿರಲಿಲ್ಲವಾದ್ದರಿಂದ ತಮ್ಮನು ಬೆಳಿಗ್ಗೆಯೇ ಎಸ್‌ಟಿಡಿ ಬೂತಿಗೆ ಓಡಿ ಮುಂಬೈಯ ಮೀನಂಗಡಿಯವನಿಗೆ ಫೋನು ಮಾಡಿದ. ಅದು ಸಿಗಡಿಯ ದೂರದ ಬಂಧುವಂತೆ. ಯಜಮಾನರು ಕಡೆಯ ಸಲ ತಂದ ಕಲ್ಲಿನ ಬಿಲದಲ್ಲಿ ಅಡಗಿ ಬಂದಿರಬೇಕು. ಮುಂಗಾಲಿನಿಂದ ಗುದ್ದಿ ಚಿಪ್ಪು ಒಡೆಯುತ್ತದೆ, ಮೀನನ್ನೂ ಬಿಡುವುದಿಲ್ಲ. ದೊಡ್ಡದಾದರೆ ಗಾಜನ್ನೂ ಒಡೆದೀತು. ಅಂಗಡಿಯವನು ನಗುತ್ತಾ, "ಸೇಠ್, ಚೋರ್ ಕೋ ಘರ್ ಮೇ ಪಾಲಾ ಆಪ್ ನೇ," ಎಂದನಂತೆ. ಕಳ್ಳನನ್ನು ಮನೆಯಲ್ಲೇ ಸಾಕಿದಿರಿ ಎಂದು. ಉಪಾಯವನ್ನೂ ಹೇಳಿದ: ಪ್ಲಾಸ್ಟಿಕ್ ಬಾಟಲಿಯ ಕೊರಳನ್ನು ಕತ್ತರಿಸಿ, ತಲೆಕೆಳಗಾಗಿ ಒಳಕ್ಕೆ ತುರುಕಿ, ಒಳಗೆ ಸಿಗಡಿಯ ಮಾಂಸವಿಡಿ. ಒಳಹೊಕ್ಕರೆ ಹೊರಬರಲಾರದು.

"ಮಾಂಸವಾ!" ತಮ್ಮನು ತಲೆಯ ಮೇಲೆ ಕೈಯಿಟ್ಟುಕೊಂಡ. "ಕೆಳಗೆ ಇಡ್ಲಿ ಹಿಟ್ಟು ರುಬ್ತಾ ಇದ್ದಾರೆ ಮಾರಾಯ್ರೆ! ಮೇಲೆ ದೇವರ ಕೋಣೆ. ಎಲ್ಲಿಂದ ತರುದು, ಯಾವ ಪಾತ್ರೆಯಲ್ಲಿ ತರುದು? ಗಿರಾಕಿ ನೋಡಿದ್ರೆ ಬೋರ್ಡು ಇಳಿಸಬೇಕಷ್ಟೆ."

ಆದುದರಿಂದ ಬಾಟಲಿಯೊಳಗೆ ಪನೀರಿನ ತುಂಡು ಹೋಯಿತು. ಪನೀರು ಕರಗಿ ನೀರು ಬೆಳ್ಳಗಾಯಿತು. ಆಮೇಲೆ ಕೊಬ್ಬರಿ. ಬಿಲದ ನಿವಾಸಿ ಅತ್ತ ತಿರುಗಿಯೂ ನೋಡಲಿಲ್ಲ.

"ಹೋಟೆಲಿಗೆ ಬಂದವ ಊಟ ಚೆನ್ನಾಗಿಲ್ಲ ಅಂತ ಬೇರೆ ಕಡೆ ಹೋಗ್ತಾನೆ," ಎಂದ ತಮ್ಮ, "ಇದು ಹೋಗುದೂ ಇಲ್ಲ, ತಿನ್ನುದೂ ಇಲ್ಲ."

ಕಡೆಗೆ ಮೀನಿಗೆ ಹಾಕುವ ಡಬ್ಬಿಯ ಒಣ ಆಹಾರವನ್ನೇ ಬಟ್ಟೆಯಲ್ಲಿ ಕಟ್ಟಿ ಇಟ್ಟರು. ಮಧ್ಯಾಹ್ನ ತಾಯಿ ಅಡುಗೆಮನೆಯಲ್ಲಿದ್ದಾಗ ಯಜಮಾನರ ಸ್ವರ ಕೇಳಿಸಿತಂತೆ. ಬಿಡದೆ, ಉಸಿರು ಕಟ್ಟಿದಂತೆ. ಓಡಿಬಂದು ನೋಡಿದರೆ, ಹಸಿದಿದ್ದ ಆ ಒಂಟಿ ಮೀನು ಹೂವನ್ನು ಬಿಟ್ಟು ಬಂದು ಬಾಟಲಿಯೊಳಗೆ ಸಿಕ್ಕಿಕೊಂಡಿತ್ತು. ಬಾಟಲಿ ಇದ್ದುದು ಬಿಲದ ಬಾಯಿಗೆ ಎದುರಾಗಿ. ಮಣಿಗಣ್ಣುಗಳು ಬಿಲದಿಂದ ಹೊರಬಂದು, ಒಳಗಿನ ಮೀನನ್ನು ನೋಡುತ್ತಿದ್ದವು. ತಾಯಿ ರವಿಕೆಯ ತೋಳೊದ್ದೆಯಾದುದನ್ನೂ ಲೆಕ್ಕಿಸದೆ ಬಾಟಲಿಯನ್ನೆತ್ತಿ ಮೀನನ್ನು ಬಿಡಿಸಿದರು. ಆ ಸಂಜೆ ಅವರೇ ಇದನ್ನು ನನಗೆ ಹೇಳಿದರು.

"ಇವರು ಕೂಗದೇ ಇದ್ರೆ? ಮೊದಲಾದ್ರೆ ಕೂಗಿದ್ದು ಯಾಕೆ ಅಂತಲೇ ನಮಗೆ ಗೊತ್ತಾಗ್ತಿರಲಿಲ್ಲ."

ಮತ್ತೆ ಮುಂಬೈಗೆ ಫೋನು. ಈ ಸಲ ಅಂಗಡಿಯವನು ನಗಲಿಲ್ಲ. ಬಿಲವಿರುವ ಕಲ್ಲನ್ನೇ ಹೊರತೆಗೆದು, ಬಕೆಟ್ಟಿನ ಮೇಲೆ ಹಿಡಿದು, ಬಿಲದೊಳಗೆ ಸೋಡಾ ಸುರಿಯಿರಿ. ಉಸಿರು ಕಟ್ಟಿ ತಾನಾಗಿ ಹೊರಬೀಳುತ್ತದೆ, ಎಂದ. ಸೋಡಾಕ್ಕೆ ಹೋಟೆಲಿನಲ್ಲಿ ಬರವಿರಲಿಲ್ಲ. ಆದರೆ ಆ ಕಲ್ಲಿನ ನೆತ್ತಿಯ ಮೇಲೆಯೇ ಕಡಲ ಹೂವು ಬೇರೂರಿದಂತೆ ಕುಳಿತಿತ್ತು. ಕಲ್ಲನ್ನೆತ್ತಿದರೆ ಹೂವಿಗೆ ಪೆಟ್ಟು. ಹೂವು ಹೋದರೆ ಮೀನಿಗೆ ಮನೆಯಿಲ್ಲ. ಎತ್ತದಿದ್ದರೆ ಮೀನೇ ಉಳಿಯದು. ಅಂತಹ ಕಲ್ಲನ್ನು ಹೂವಿಗೆ ನೋವಾಗದಂತೆ ಎತ್ತಬಲ್ಲ ಕೈ ಆ ಮನೆಯಲ್ಲಿ ಒಂದೇ ಇತ್ತು, ಮತ್ತು ಅದು ಯಜಮಾನರ ಬಲಗೈ.

ಆ ಭಾನುವಾರ ಬೆಳಿಗ್ಗೆ ನಾನೂ ಹೋದೆ. ಎಣ್ಣೆಯ ಕೈ, ಸೋಪಿನ ಕೈ ಕಡಲಿಗೆ ತಾಗಕೂಡದೆಂಬುದು ಯಜಮಾನರ ಹಳೆಯ ಕಟ್ಟಳೆ. ಹೋಟೆಲಿನವನ ಕೈಗೆ ಎಣ್ಣೆ ಬಿಡುವುದುಂಟೇ? ತಾಯಿಯ ಅಪ್ಪಣೆಯಂತೆ ತಮ್ಮನು ಬರಿಯ ನೀರಿನಲ್ಲಿ ಸ್ನಾನ ಮಾಡಿ, ಹುಣಸೆಹಣ್ಣಿನಿಂದ ಕೈ ತಿಕ್ಕಿ ತೊಳೆದು, ಒದ್ದೆ ಪಂಚೆಯುಟ್ಟು, ಪೂಜೆಗೆ ನಿಂತವನಂತೆ ಮಡಿಯಲ್ಲಿ ಬಂದು ತೊಟ್ಟಿಯ ಮುಂದೆ ನಿಂತ.

ತಾಯಿ ಗಂಡನ ಮುಖದ ಬಳಿ ಬಾಗಿದರು. "ಈ ಕಲ್ಲೇ ಅಲ್ದಾ?"

ಬೆರಳು ತಟ್ಟಿತು.

"ಎತ್ತುದಾ?"

ಬೆರಳು ಏಳಲಿಲ್ಲ. ನಾವು ಕಾದೆವು. ಕೆಳಗಿನಿಂದ ಪಾತ್ರೆಗಳ ಸದ್ದು, ಗಿರಾಕಿಗಳ ಕೂಗು ಬರುತ್ತಿತ್ತು. ಯಜಮಾನರ ಕಣ್ಣು ಹೂವಿನ ಮೇಲಿತ್ತು. ಎಸಳುಗಳ ನಡುವಿನಿಂದ ಕಿತ್ತಳೆ ಬಣ್ಣದ ಮೂತಿಯೊಂದು ಕಾಣಿಸಿ ಮರೆಯಾಗುತ್ತಿತ್ತು.

"ಅಣ್ಣ, ಬೇಡ ಅಂತಾದ್ರೆ ಬೇಡ. ಬೇರೆ ಎಂತಾದ್ರೂ ನೋಡುವ," ಎಂದ ತಮ್ಮ. ಬೇರೆ ಏನೂ ಇಲ್ಲವೆಂಬುದು ಅವನಿಗೂ ಗೊತ್ತಿತ್ತು.

ನನ್ನೊಳಗೆ ಪ್ರಾರ್ಥನೆ ಹುಟ್ಟಿತು. ಆದರೆ ಏನನ್ನು ಬೇಡಬೇಕೆಂದು ತೋಚಲಿಲ್ಲ. ಹೂವನ್ನುಳಿಸೆನ್ನಲೇ, ಮೀನನ್ನುಳಿಸೆನ್ನಲೇ, ಆರಿಸುವ ಭಾರವನ್ನು ಈ ಮಂಚದಲ್ಲಿ ಮಲಗಿದವರ ಮೇಲಿಂದ ಇಳಿಸೆನ್ನಲೇ?

ಆಗ ಕಲ್ಲಿನೊಳಗಿನಿಂದ ಸದ್ದಾಯಿತು. 'ಟಕ್.' ಮೀನು ಹೂವಿನ ಆಳಕ್ಕೆ ಇಳಿಯಿತು. ಯಜಮಾನರ ಬೆರಳು ಎದ್ದು ಮಂಚದ ಪಟ್ಟಿಯನ್ನು ತಟ್ಟಿತು.

ಮೀನನ್ನು ಮೊದಲು ಬಟ್ಟಲಿನಿಂದ ಹಿಡಿದು ಬೇರೆ ಪಾತ್ರೆಗೆ ಬಿಟ್ಟೆವು. ತಮ್ಮನು ಕಲ್ಲನ್ನೆತ್ತಿದ. ನೀರಿನಿಂದ ಹೊರಬಂದ ಹೂವು, ಕೈಯಿಂದ ಜಾರುವ ಲೋಳೆಯಂತೆ ಕುಗ್ಗಿ ತೂಗಾಡಿತು. ಕಲ್ಲಿನ ಪಕ್ಕದ ಅಂಚಿಗೆ ಸಿಕ್ಕಿದ ಅದರ ಬುಡ ಒಂದು ಕಡೆ ಹರಿಯಿತು. "ಅಯ್ಯೋ," ಎಂದ ತಮ್ಮ, ಆದರೆ ಕೈಬಿಡಲಿಲ್ಲ. ನಾನು ಗೋಲಿ ಸೋಡಾದ ಬಾಟಲಿಯನ್ನು ಬಿಲಕ್ಕೆ ಬಗ್ಗಿಸಿದೆ. ನೊರೆಯುಕ್ಕಿತು. ಏನೂ ಆಗಲಿಲ್ಲ. ಇನ್ನೊಂದು ಬಾಟಲಿ. ನೊರೆಯ ನಡುವಿನಿಂದ ಬೆರಳುದ್ದದ ಜೀವವೊಂದು ಚಿಮ್ಮಿ ಬಕೆಟ್ಟಿಗೆ ಬಿದ್ದಿತು.

ಕಳ್ಳನೆಂದರೆ ಕಪ್ಪಗಿರುತ್ತಾನೆಂದು ನಾನೆಲ್ಲೋ ಎಣಿಸಿದ್ದೆ. ಆ ಜೀವ ಹಸಿರು, ನೀಲಿ, ಕೆಂಪು. ಯೇವಲೆಯ ನೇಕಾರರು ಪೈಠಣಿ ಸೀರೆಯ ಸೆರಗಿನಲ್ಲಿ ನೇಯುವ ನವಿಲಿನ ಬಣ್ಣ. ಬಕೆಟ್ಟಿನ ಗೋಡೆಗೆ ಅದು ಗುದ್ದಿದಾಗ ಬಕೆಟ್ಟೇ ಅದುರಿತು.

ತಮ್ಮನು ಕಲ್ಲನ್ನು ತೊಟ್ಟಿಗಿಳಿಸಿ, ಮೂಲೆಯಲ್ಲಿದ್ದ ಕುಟ್ಟಾಣಿಯನ್ನೆತ್ತಿಕೊಂಡ. "ನನ್ನ ಅಣ್ಣನ್ನ ಅಳಿಸಿತಲ್ಲ ಇದು."

"ತಡೀರಿ ತಮ್ಮಾ, ಮಡಿಯೊಳಗ ಇದೇನ್ರಿ ಕೆಲಸ," ಎಂದು ನಾನು ಅಡ್ಡ ಬಂದೆ. ತಾಯಿ ಇಬ್ಬರನ್ನೂ ಬಿಟ್ಟು ಗಂಡನನ್ನು ಕೇಳಿದರು. ಈಗ ಆ ಮನೆಯಲ್ಲಿ ಕೇಳುವ ರೂಢಿ ಬಂದಿತ್ತು.

"ಕೊಲ್ಲುದಾ?"

ಬೆರಳು ಏಳಲಿಲ್ಲ.

"ಬಿಡುದಾ?"

ತಟ್ಟಿತು.

"ಎಲ್ಲಿ ಬಿಡುದು? ಇಲ್ಲಿ ಯಾವ ಕಡಲು ಉಂಟು?"

ಯಜಮಾನರು ಕಣ್ಣು ತಿರುಗಿಸಿ ನನ್ನನ್ನು ನೋಡಿದರು. ನನಗೆ ಆಗಷ್ಟೇ ನಾಶಿಕಕ್ಕೆ ವರ್ಗವಾಗಿತ್ತು. ಮರುದಿನವೇ ಬಸ್ಸು ಹತ್ತುವವನಿದ್ದೆ. ಯಜಮಾನರು ಮಲಗಿದ ಮೇಲೆ ಇಲ್ಲಿಂದ ಮುಂಬೈಗೆ ಟೆಂಪೊ ಹೋಗುವುದು ನಿಂತಿತ್ತು. ಆದರೆ ನಾಶಿಕದಲ್ಲಿ ಅವರ ಬಂಧುಗಳ ಹೋಟೆಲಿತ್ತು. ಅಲ್ಲಿಂದ ವಾರಕ್ಕೊಮ್ಮೆ ಟೆಂಪೊ ಮುಂಬೈಗೆ ಹೋಗುತ್ತಿತ್ತು. "ರಾಯರು ತಕೊಂಡು ಹೋಗ್ಬೇಕಾ?" ಎಂದು ತಾಯಿ ಕೇಳಿದಾಗ ಬೆರಳು ತಟ್ಟಿತು. ನಮಗೆ ಅರ್ಥವಾಯಿತೆಂದುಕೊಂಡೆವು. ಹಿಂದೆಯೂ ಹಾಗೆಯೇ ಅಂದುಕೊಂಡವರು ನಾವು.

ಬೆಳಗಿನ ಬಸ್ಸಿನಲ್ಲಿ, ಕಡಲ ನೀರು ತುಂಬಿದ ಸ್ಟೀಲಿನ ಹಾಲಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ನೀರಿಗೆ ಗಾಳಿ ಬೆರೆಯಲೆಂದು, ಆಗಾಗ ಮುಚ್ಚಳ ತೆಗೆದು, ಸಂಧ್ಯಾವಂದನೆಯ ಉದ್ಧರಣೆಯಿಂದ ನೀರನ್ನೆತ್ತಿ ಎತ್ತಿ ಸುರಿಯುತ್ತಿದ್ದೆ. ಯೇವಲೆಯಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕುಳಿತಳು. ಮಗಳ ಮದುವೆಯ ಮಾತನ್ನು ಹೇಳುತ್ತಿದ್ದಳು. ಕ್ಯಾನಿನೊಳಗೆ ಸದ್ದಾಯಿತು. ಅವಳು ಮಾತು ನಿಲ್ಲಿಸಿ ಬಸ್ಸಿನ ಚಾವಣಿಯನ್ನು ನೋಡಿ, "ಪಾಲ್ ಚುಕಚುಕಲೀ ವಾಟ್ತಂ," ಎಂದಳು. ಹಲ್ಲಿ ಲೊಚಗುಟ್ಟಿತೆಂದು ತೋರುತ್ತದೆ, ಎಂದು. ಶಕುನವೆಂದು ಅವಳ ಮುಖ ಗಂಭೀರವಾಯಿತು. ಅಲ್ಲವೆಂದು ನಾನು ಹೇಳಲಿಲ್ಲ. ಮಗಳ ಮದುವೆ ಚೆನ್ನಾಗಿ ನಡೆಯುತ್ತದೆ ತಾಯಿ, ಎಂದು ಬಂದಷ್ಟು ಮರಾಠಿಯಲ್ಲಿ ಹೇಳಿದೆ.

ಆಮೇಲೆ ದಾರಿಯುದ್ದಕ್ಕೂ ಅದು ಸದ್ದು ಮಾಡಲಿಲ್ಲ. ಇಷ್ಟು ದಿನ ನಿಲ್ಲಲೆಂದು ಬಯಸಿದ ಸದ್ದಿಗಾಗಿ ಕ್ಯಾನಿಗೆ ಕಿವಿಗೊಟ್ಟು ಕುಳಿತೆ.

ನಾಶಿಕದ ಹೋಟೆಲಿನ ಹಿತ್ತಲಲ್ಲಿ ಮುಚ್ಚಳ ತೆಗೆದಾಗ ಅದು ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಬಹಳ ಹೊತ್ತಿನ ಮೇಲೆ ಒಂದು ಕಣ್ಣು ಮಾತ್ರ ತಿರುಗಿತು. ಟೆಂಪೊ ಹೊರಡುವುದರಲ್ಲಿತ್ತು. ಕ್ಯಾನನ್ನು ಚಾಲಕನ ಕೈಗೆ ಕೊಟ್ಟು, ದಾರಿಯಲ್ಲಿ ನೀರನ್ನು ಕಲಕಬೇಕೆಂದೂ ಕಡಲಿಗೇ ಬಿಡಬೇಕೆಂದೂ ಕೈಮುಗಿದು ಬೇಡಿಕೊಂಡೆ. ಆತ ಕ್ಯಾನಿನೊಳಗೆ ಇಣುಕಿ, ನನ್ನ ನಾಮ ಮುದ್ರೆಗಳನ್ನು ನೋಡಿ, ಅದನ್ನು ತನ್ನ ಸೀಟಿನ ಪಕ್ಕದಲ್ಲಿಟ್ಟುಕೊಂಡ. ಮೂರನೆಯ ದಿನ ಬೆಳಿಗ್ಗೆ ಆತ ಹಿಂತಿರುಗಿದಾಗ ಕ್ಯಾನು ಖಾಲಿಯಾಗಿತ್ತು, ತೊಳೆದಿತ್ತು. "ಸೋಡ್ಲಾ ಸಾಹೇಬ, ಸಮುದ್ರಾತಚ್ ಸೋಡ್ಲಾ," ಎಂದ. ಬಿಟ್ಟೆ, ಸಮುದ್ರದಲ್ಲೇ ಬಿಟ್ಟೆ, ಎಂದು. ಹಾಗೆನ್ನುವಾಗ ಅವನು ಟೈರಿನ ಗಾಳಿ ನೋಡಲು ಬಾಗಿದ್ದ. ಅವನ ಮುಖ ನನಗೆ ಕಾಣಲಿಲ್ಲ. ಇನ್ನೊಮ್ಮೆ ಕೇಳಲು ನನಗೆ ಧೈರ್ಯವಾಗಲಿಲ್ಲ.

ಅಂದೇ ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಹೋಗಿ ಅವರ ಮನೆಗೆ ಫೋನು ಮಾಡಿದೆ. ತಾಯಿಯೇ ಎತ್ತಿದರು.

"ಹೂವು ಹೋಯ್ತು ರಾಯರೇ. ಹರಿದದ್ದು ಮತ್ತೆ ಸೇರಲೇ ಇಲ್ಲ."

"ಮೀನು ಏನಾತ್ರಿ?"

"ಮೀನು ಉಂಟು. ಹೂವಿಲ್ಲದೆ ಎಲ್ಲಿಗೆ ಹೋಗ್ತದೆ ಪಾಪ. ಇವರ ಮಂಚದ ಕಡೆಯ ಮೂಲೆಯಲ್ಲಿ, ಗಾಜಿಗೆ ಅಂಟಿಕೊಂಡೇ ಇರ್ತದೆ. ಇವರು ಬೆರಳನ್ನು ಅಲ್ಲಿಗೇ ಇಟ್ಟುಕೊಂಡಿದ್ದಾರೆ, ಆಚೆ ಈಚೆ ಮಾಡುದಿಲ್ಲ. ಊಟ ಮಾಡ್ತಾರೆ, ಅಷ್ಟು ಸಾಕು." ಆಮೇಲೆ ಕೇಳಿದರು. "ಅದು ಕಡಲಿಗೆ ಸೇರಿತಾ?"

"ಸೇರೇತಂತ ಹೇಳ್ಯಾರ್ರಿ ತಾಯಿ. ಯಜಮಾನ್ರಿಗೆ ಹೇಳ್ರಿ."

"ನೀವೇ ಹೇಳಿ. ಇರಿ, ಫೋನು ಅವರ ಹತ್ರ ಹಿಡೀತೇನೆ."

ವೈರು ಎಳೆದ ಸದ್ದು, ಬಳೆಯ ಸದ್ದು, ಆಮೇಲೆ ಗಾಳಿಯೂದುವ ಯಂತ್ರದ ಗೊರಗೊರ. ಜೊತೆಗೆ ಒಂದು ಉಸಿರು. ನಾನು ಹೇಳಿದೆ: ಯಜಮಾನ್ರ, ನಿಮ್ಮ ಮಾತಿನಂತೆ ಆತು, ಅದು ಕಡಲಿಗೆ ಹೋತು, ಎಂದು. ಹೇಳಿ ಕಾದೆ. ಎಷ್ಟೋ ಹೊತ್ತಿನ ಮೇಲೆ, ದೂರದಿಂದ, 'ಟಕ್' ಎಂದಿತು.

ಅದು ಮಂಚದ ಪಟ್ಟಿಗೆ ತಾಗಿದ ಬೆರಳೋ, ಆ ಕಾಲದ ದೂರವಾಣಿಯ ತಂತಿಗಳಲ್ಲಿ ಸದಾ ಕೇಳುವ ಬರಿಯ ಸದ್ದೋ, ನಾನು ಇಂದಿಗೂ ಅರಿಯೆ. ನನ್ನ ಬೆರಳು ಮಾತ್ರ ತಾನಾಗಿ ಬೂತಿನ ಮರದ ಹಲಗೆಯನ್ನು ತಟ್ಟಿತು. "ಕೃಷ್ಣ ಕೃಷ್ಣ," ಎಂದೆ.

ಮಾತು ಕಳೆದುಕೊಂಡೂ ಕರುಣೆಯನ್ನು ಕಳೆದುಕೊಳ್ಳದ ಆ ಹಿರಿಯರು ಎಲ್ಲಿದ್ದರೂ ಅವರ ಮುಂದೆ ಕಡಲಿರಲಿ. ಕೇಳಲು ಕಲಿತ ಆ ತಾಯಿಯ ಮುತ್ತೈದೆತನ ಜನ್ಮಜನ್ಮಕ್ಕೂ ಬಾಳಲಿ. ಎತ್ತಿದ ಕುಟ್ಟಾಣಿಯನ್ನು ಇಳಿಸಿದ ತಮ್ಮನ ಒಲೆ ಆರದಿರಲಿ. ದೂರದಿಂದ ಉಪಾಯ ಹೇಳಿದ ಅಂಗಡಿಯವನಿಗೂ, ಯೇವಲೆಯ ಮುದುಕಿಗೂ, ಅವಳ ಮಗಳಿಗೂ ಶುಭವಾಗಲಿ. ಚಾಲಕ ಹೇಳಿದ್ದು ಸತ್ಯವಾಗಿರಲಿ. ಸತ್ಯವಲ್ಲದಿದ್ದರೂ ಅವನ ದಾರಿ ಸುಖವಾಗಿರಲಿ. ಹರಿದುಹೋದ ಹೂವಿಗೆ, ಉಳಿದ ಮೀನಿಗೆ, ಹಸಿವಿನ ಹೊರತು ಬೇರೆ ತಪ್ಪು ಮಾಡದ ಆ ನವಿಲುಬಣ್ಣದ ಜೀವಕ್ಕೆ, ಶ್ರೀಹರಿಯು ತನ್ನ ಅಲೆಗಳ ನಡುವೆ ಎಲ್ಲಾದರೂ ಒಂದಿಷ್ಟು ಎಡೆ ಕೊಡಲಿ.